ಐಬಿಡಿ (ಕರುಳಿನ ಉರಿಯೂತದ ಕಾಯಿಲೆ) ಔಷಧಿ ನಡೆಯುತ್ತಿರುವಾಗ ರಕ್ತ ಪರೀಕ್ಷೆ: ಯಾವಾಗ ಮಾಡಿಸಬೇಕು, ಹೇಗೆ ಓದಬೇಕು

ಮಂಡ್ಯ, ಮಳವಳ್ಳಿ, ಪಾಂಡವಪುರ ಕಡೆಯಿಂದ ಮೈಸೂರಿನ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋಗುವವರ ಫೈಲ್ ತೆರೆದರೆ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ರಿಪೋರ್ಟುಗಳು ಬೇಕಾದಷ್ಟಿರುತ್ತವೆ, ಬೇಕಾದ ವಾರದ್ದು ಇರುವುದಿಲ್ಲ. ಮಾತ್ರೆ ಶುರುವಾದ ಎರಡನೇ ವಾರದ ಸಿಬಿಸಿ (ರಕ್ತಕಣಗಳ ಎಣಿಕೆ) ಇರುವುದಿಲ್ಲ. ಜ್ವರ ಬಂದು ಮಲಗಿದ ಮೇಲೆ ಮಾಡಿಸಿದ ಸಿಬಿಸಿ ಇರುತ್ತದೆ. "ಚೆನ್ನಾಗಿದೀನಲ್ಲ, ಸುಮ್ನೆ ಯಾಕೆ ರಕ್ತ ಕೊಡೋದು" ಅಂತ ನಡುವಿನದನ್ನು ಬಿಟ್ಟಿರುತ್ತಾರೆ.

ಈ ಔಷಧಿಗಳ ವಿಷಯದಲ್ಲಿ ಚೆನ್ನಾಗಿರುವಾಗಲೇ ರಕ್ತ ಕೊಡಬೇಕು. ಬಿಳಿ ರಕ್ತಕಣ ಇಳಿಯುವುದು, ಲಿವರ್‌ಗೆ ಪೆಟ್ಟಾಗುವುದು, ಕಿಡ್ನಿಯ ಶಕ್ತಿ ಕುಗ್ಗುವುದು ಬಹಳ ಸಲ ಮೊದಲು ರಿಪೋರ್ಟಿನಲ್ಲಿ ಕಾಣುತ್ತದೆ. ಮೈಗೆ ಗೊತ್ತಾಗುವುದು ಆಮೇಲೆ.

ಇದು ಐಬಿಡಿಯ ಎರಡು ಬಗೆಗಳಾದ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಇರುವ ದೊಡ್ಡವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಬರೆದದ್ದು. ಡೋಸ್ ಏರಿಸುವುದು, ಇಳಿಸುವುದು, ಔಷಧಿ ಬದಲಿಸುವುದು ವೈದ್ಯರ ಕೆಲಸ. ಸರಿಯಾದ ದಿನ ಸರಿಯಾದ ಪರೀಕ್ಷೆ ಮಾಡಿಸಿ, ಅದನ್ನು ಹೊತ್ತಿಗೆ ಸರಿಯಾಗಿ ಅವರಿಗೆ ತಲುಪಿಸುವುದು ನಿಮ್ಮ ಕೆಲಸ. ಎಡವುವುದು ಹೆಚ್ಚಾಗಿ ಈ ಎರಡನೆಯದರಲ್ಲೇ.

ಪ್ರತಿ ರಿಪೋರ್ಟ್ ಕೈಗೆ ಬಂದಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಔಷಧಿ ನನಗೆ ತೊಂದರೆ ಕೊಡುತ್ತಿದೆಯೇ? ಈ ಔಷಧಿ ಕೆಲಸ ಮಾಡುತ್ತಿದೆಯೇ? ಎರಡಕ್ಕೂ ಉತ್ತರ ಕೊಡುವ ಅಂಕಿಗಳು ಬೇರೆ ಬೇರೆ. ಅವನ್ನು ಬೆರೆಸಿದರೆ ಗೊಂದಲವಾಗುತ್ತದೆ.

ಹಂತ 1: ಒಂದು ಹಾಳೆ, ಒಂದು ಲ್ಯಾಬ್

ಬೇಕಾದ ಸಾಮಾನು ಕಡಿಮೆ: ಒಂದು ಉದ್ದನೆಯ ನೋಟ್‌ಬುಕ್, ಪ್ಲಾಸ್ಟಿಕ್ ಫೈಲ್, ಡಿಜಿಟಲ್ ಥರ್ಮಾಮೀಟರ್, ತೂಕದ ಯಂತ್ರ ಮತ್ತು ಅಲಾರಂ ಇಡಲು ಫೋನ್.

ನೋಟ್‌ಬುಕ್ಕನ್ನು ಅಡ್ಡ ಹಿಡಿದು ಗೆರೆ ಹಾಕಿ. ಕಾಲಂಗಳು ಇಷ್ಟು: ತಾರೀಖು, ತೂಕ, ಆ ದಿನ ತಗೊಳ್ಳುತ್ತಿದ್ದ ಔಷಧಿ ಮತ್ತು ಡೋಸ್, ಹಿಮೋಗ್ಲೋಬಿನ್, ಒಟ್ಟು ಬಿಳಿ ರಕ್ತಕಣ, ನ್ಯೂಟ್ರೊಫಿಲ್ (ಬಿಳಿ ರಕ್ತಕಣದ ಒಂದು ಬಗೆ), ಪ್ಲೇಟ್‌ಲೆಟ್, ಎಸ್‌ಜಿಪಿಟಿ (ಲಿವರ್‌ನ ಅಂಕಿ), ಕ್ರಿಯಾಟಿನಿನ್ (ಕಿಡ್ನಿಯ ಅಂಕಿ), ಅಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್), ಸಿಆರ್‌ಪಿ (ಉರಿಯೂತದ ಅಂಕಿ). ಕೊನೆಯ ಕಾಲಂ ಅಗಲವಾಗಿರಲಿ. ಅಲ್ಲಿ ದಿನಕ್ಕೆ ಎಷ್ಟು ಸಲ ಭೇದಿ, ರಕ್ತ ಇತ್ತಾ, ಆ ವಾರ ನೆಗಡಿ ಜ್ವರ ಬಂದಿತ್ತಾ, ಬೇರೆ ಯಾವುದಾದರೂ ಮಾತ್ರೆ ನುಂಗಿದ್ದಿರಾ ಅಂತ ಬರೆಯಿರಿ.

ಡೋಸ್ ಕಾಲಂ ಬಿಡಬೇಡಿ. ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ) 50 ಮಿ.ಗ್ರಾಂನಿಂದ 100ಕ್ಕೆ ಏರಿದ ತಾರೀಖು ಗೊತ್ತಿಲ್ಲದಿದ್ದರೆ, ಬಿಳಿ ರಕ್ತಕಣ ಯಾಕೆ ಇಳಿಯಿತು ಅಂತ ಹೇಳುವುದು ವೈದ್ಯರಿಗೂ ಕಷ್ಟ.

ಲ್ಯಾಬ್ ಆದಷ್ಟು ಒಂದೇ ಇರಲಿ. ಯಂತ್ರ, ವಿಧಾನ, ಅಳತೆಯ ಘಟಕ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತವೆ. ಮಾಮೂಲಿ ಸಿಬಿಸಿ, ಎಲ್‌ಎಫ್‌ಟಿಗೆ (ಲಿವರ್ ಪರೀಕ್ಷೆ) ಪ್ರತಿ ಸಲ ಮೈಸೂರಿಗೆ ಬರಬೇಕಾಗಿಲ್ಲ. ಮಂಡ್ಯದಲ್ಲೋ ಮದ್ದೂರಿನಲ್ಲೋ ಒಂದು ನಂಬಿಕೆಯ ಲ್ಯಾಬ್ ಹಿಡಿದುಕೊಂಡು, ರಿಪೋರ್ಟನ್ನು ವೈದ್ಯರಿಗೆ ಕಳಿಸುವ ದಾರಿಯನ್ನು ಮೊದಲೇ ಮಾತಾಡಿಕೊಳ್ಳಿ. ಯಾರಿಗೆ ಕಳಿಸಬೇಕು, ಉತ್ತರ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಭಾನುವಾರ ಏನು ಮಾಡಬೇಕು? ಔಷಧಿ ಬರೆಸಿಕೊಳ್ಳುವ ದಿನವೇ ಇದನ್ನು ಕೇಳಿ.

ಹಂತ 2: ಔಷಧಿ ಶುರುವಾಗುವ ಮುಂಚೆ

ಮೊದಲ ಮಾತ್ರೆಗೆ ಮುಂಚಿನ ಅಂಕಿಗಳು ಇಲ್ಲದಿದ್ದರೆ ಮುಂದಿನ ಯಾವ ಅಂಕಿಯನ್ನೂ ಹೋಲಿಸಲು ಆಗುವುದಿಲ್ಲ. ಸಿಬಿಸಿ, ಎಲ್‌ಎಫ್‌ಟಿ, ಕ್ರಿಯಾಟಿನಿನ್, ಸಿಆರ್‌ಪಿ, ಸಕ್ಕರೆ, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಂಕಿ), ಬಿ12, ವಿಟಮಿನ್ ಡಿ ಈ ಹಂತದಲ್ಲೇ ಆಗಿರಲಿ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಕ್ರೋನ್ಸ್ ಇದ್ದರೆ ಅಥವಾ ಆ ಭಾಗವನ್ನು ಆಪರೇಷನ್‌ನಲ್ಲಿ ತೆಗೆದಿದ್ದರೆ ಬಿ12 ಅನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು, ಅದು ಹೀರಲ್ಪಡುವ ಜಾಗವೇ ಅದು.

ರೋಗನಿರೋಧಕ ಶಕ್ತಿ ತಗ್ಗಿಸುವ ಯಾವುದೇ ಔಷಧಿ ಬರಲಿದೆ ಅಂದರೆ ಸೋಂಕಿನ ಪರೀಕ್ಷೆಗಳೂ ಬೇಕು. ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಆಂಟಿ ಎಚ್‌ಬಿಸಿ ಟೋಟಲ್ ಕೂಡ ಮಾಡಿಸಬೇಕು. ಹಿಂದೆ ಯಾವಾಗಲೋ ಬಂದು ಒಳಗೆ ಅಡಗಿರುವ ವೈರಸ್ ಅದರಲ್ಲಿ ಸಿಗುತ್ತದೆ. ಜೊತೆಗೆ ಹೆಪಟೈಟಿಸ್ ಸಿ ಮತ್ತು ಎಚ್‌ಐವಿ.

ಟಿಬಿ ವಿಚಾರ ನಮ್ಮ ದೇಶದಲ್ಲಿ ದೊಡ್ಡದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಟೋಫಾಸಿಟಿನಿಬ್ ಶುರುಮಾಡುವ ಮುಂಚೆ ಎದೆಯ ಎಕ್ಸ್‌ರೇ ಮತ್ತು ಮಾಂಟು (ಚರ್ಮದ ಮೇಲಿನ ಟಿಬಿ ಪರೀಕ್ಷೆ) ಅಥವಾ ಇಗ್ರಾ (ರಕ್ತದ ಟಿಬಿ ಪರೀಕ್ಷೆ) ಆಗಲೇಬೇಕು. ಸ್ಟೆರಾಯ್ಡ್ ನಡೆಯುತ್ತಿದ್ದರೆ ಮಾಂಟು, ಇಗ್ರಾ ಎರಡೂ ತಪ್ಪಾಗಿ ನೆಗೆಟಿವ್ ಬರಬಹುದು, ಇಗ್ರಾ ಉತ್ತರ ಕೊಡದೆಯೂ ಹೋಗಬಹುದು. ಸಾಧ್ಯವಾದರೆ ಸ್ಟೆರಾಯ್ಡ್‌ಗೂ ಮುಂಚೆ ಮಾಡಿಸಿ. ಆಗದಿದ್ದರೆ ಸ್ಟೆರಾಯ್ಡ್ ತಗೊಳ್ಳುತ್ತಿರುವುದನ್ನು ಲ್ಯಾಬಿಗೂ ವೈದ್ಯರಿಗೂ ಹೇಳಿ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ.

ಅಜಥಯೋಪ್ರಿನ್ ಬರೆಯಲಿದ್ದಾರೆ ಅಂದರೆ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಟಿಪಿಎಂಟಿ ಮತ್ತು ನುಡ್ಟ್15 ಅಂತ ಎರಡು ಜೀನ್‌ಗಳಿವೆ. ಇವುಗಳಲ್ಲಿ ಕೊರತೆ ಇದ್ದವರಿಗೆ ಸಾಮಾನ್ಯ ಡೋಸೇ ವಿಷವಾಗಿ, ರಕ್ತಕಣ ತಯಾರಿಸುವ ಮೂಳೆಯ ಮಜ್ಜೆ ಕೆಲಸ ನಿಲ್ಲಿಸಬಹುದು. ಪಶ್ಚಿಮದ ದೇಶಗಳ ಜನರಲ್ಲಿ ಟಿಪಿಎಂಟಿ ಮುಖ್ಯ, ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ನುಡ್ಟ್15 ಹೆಚ್ಚು ಮುಖ್ಯ. ಟಿಪಿಎಂಟಿ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಇದು ಬದುಕಿನಲ್ಲಿ ಒಂದೇ ಸಲ ಮಾಡಿಸುವ ಪರೀಕ್ಷೆ, ಫಲಿತಾಂಶ ಬದಲಾಗುವುದಿಲ್ಲ. ಆದ್ದರಿಂದ ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಜೀನ್ ರಿಪೋರ್ಟ್ ನಾರ್ಮಲ್ ಬಂತು ಅಂತ ಸಿಬಿಸಿ ಬಿಡಬಾರದು. ಜೀನ್ ಸರಿಯಿದ್ದವರಲ್ಲೂ ಬಿಳಿ ರಕ್ತಕಣ ಇಳಿಯುತ್ತದೆ.

ಹಂತ 3: ನಿಮ್ಮ ಔಷಧಿಗೆ ತಕ್ಕ ತಾರೀಖು

ಎಲ್ಲ ಔಷಧಿಗೂ ಒಂದೇ ಪಟ್ಟಿ ಇಲ್ಲ. ನಿಮ್ಮ ಚೀಟಿಯಲ್ಲಿರುವ ಹೆಸರನ್ನು ಹುಡುಕಿ, ಅದಕ್ಕೆ ತಕ್ಕಂತೆ ಫೋನಿನಲ್ಲಿ ಅಲಾರಂ ಇಡಿ. ವೈದ್ಯರು ಬೇರೆ ತಾರೀಖು ಬರೆದಿದ್ದರೆ ಅದೇ ನಡೆಯಲಿ.

ಮೆಸಲಮೈನ್. ಜನ ಇದನ್ನು "ಲೈಟ್ ಮಾತ್ರೆ" ಅಂದುಕೊಂಡು ವರ್ಷಗಟ್ಟಲೆ ಪರೀಕ್ಷೆ ಇಲ್ಲದೆ ನುಂಗುತ್ತಾರೆ. ಬಹಳ ಜನರಿಗೆ ಇದು ಸುರಕ್ಷಿತವೇ. ಆದರೆ ಅಪರೂಪಕ್ಕೆ ಕೆಲವರ ಕಿಡ್ನಿಗೆ ಉರಿಯೂತ ತರುತ್ತದೆ, ಅದಕ್ಕೆ ನೋವಿರುವುದಿಲ್ಲ. ಶುರುವಿಗೆ ಮುಂಚೆ, ಎರಡು ಮೂರು ತಿಂಗಳ ಹೊತ್ತಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ನೋಡಿ. ಗದ್ದೆ ಕೆಲಸ ಮಾಡಿ ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೊಂಡು ನುಂಗುವ ಅಭ್ಯಾಸ ಇದ್ದರೆ ಬಿಡಿ. ಅವು ಕಿಡ್ನಿಗೂ ಭಾರ, ಕರುಳಿನ ಕಾಯಿಲೆಯನ್ನೂ ಕೆರಳಿಸಬಹುದು.

ಸಲ್ಫಾಸಲಜಿನ್. ಸಿಬಿಸಿ ಮತ್ತು ಎಲ್‌ಎಫ್‌ಟಿ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ವಿರಳವಾಗಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಮಾತ್ರೆಯ ಬಣ್ಣ ಅದು.

ಸ್ಟೆರಾಯ್ಡ್. ಪ್ರೆಡ್ನಿಸೊಲೋನ್ ನಡೆಯುವಾಗ ಸಕ್ಕರೆ, ಪೊಟ್ಯಾಶಿಯಂ, ಬಿಪಿ ನೋಡಬೇಕು. ಶುಗರ್ ಇರುವವರು ಮನೆಯಲ್ಲೇ ಗ್ಲೂಕೋಮೀಟರ್ ಇಟ್ಟುಕೊಂಡು ಮಧ್ಯಾಹ್ನದ ಊಟದ ನಂತರವೂ ನೋಡಿಕೊಳ್ಳಿ. ಬೆಳಗ್ಗೆ ನುಂಗಿದ ಸ್ಟೆರಾಯ್ಡ್ ಸಕ್ಕರೆ ಏರಿಸುವುದು ಮಧ್ಯಾಹ್ನ, ಸಂಜೆ. ಬೆಳಗಿನ ಖಾಲಿಹೊಟ್ಟೆಯ ಅಂಕಿ ಚೆನ್ನಾಗಿದ್ದು ಮೋಸ ಮಾಡಬಹುದು.

ಅಜಥಯೋಪ್ರಿನ್ ಮತ್ತು 6-ಎಂಪಿ (ಅದೇ ಗುಂಪಿನ ಇನ್ನೊಂದು ಮಾತ್ರೆ). ನಿಧಾನವಾಗಿ ಓದಬೇಕಾದ ಭಾಗ ಇದು.

ಮೊದಲ ತಿಂಗಳು ವಾರಕ್ಕೊಮ್ಮೆ ಸಿಬಿಸಿ ಆಗಲಿ. ಅಷ್ಟು ಸಾಧ್ಯವೇ ಇಲ್ಲ ಅಂದರೆ ಎರಡನೇ ಮತ್ತು ನಾಲ್ಕನೇ ವಾರವಂತೂ ತಪ್ಪಬಾರದು. ನುಡ್ಟ್15 ಪರೀಕ್ಷೆ ಆಗಿಲ್ಲದವರಿಗೆ ವಾರಕ್ಕೊಮ್ಮೆ ಅನ್ನುವುದರಲ್ಲಿ ರಾಜಿ ಬೇಡ ಅಂತಲೇ ನನ್ನ ಅಭಿಪ್ರಾಯ. ಆ ಕೊರತೆ ಇದ್ದವರಲ್ಲಿ ರಕ್ತಕಣ ಕೆಲವೇ ವಾರಗಳಲ್ಲಿ ಪಾತಾಳಕ್ಕೆ ಹೋಗುತ್ತದೆ. ಆಮೇಲೆ 8ನೇ ವಾರ, 12ನೇ ವಾರ, ನಂತರ ಮೂರು ತಿಂಗಳಿಗೊಮ್ಮೆ. ಪ್ರತಿ ಸಲ ಸಿಬಿಸಿ ಜೊತೆ ಎಲ್‌ಎಫ್‌ಟಿಯೂ ಇರಲಿ. ಡೋಸ್ ಏರಿಸಿದ ದಿನದಿಂದ ಲೆಕ್ಕ ಮತ್ತೆ ಮೊದಲಿನಿಂದ ಶುರು.

"ಮೂರು ವರ್ಷದಿಂದ ತಗೋತಿದೀನಿ, ಏನೂ ಆಗಿಲ್ಲ" ಅಂತ ಪರೀಕ್ಷೆ ನಿಲ್ಲಿಸುವವರು ತುಂಬಾ ಜನ. ಬಿಳಿ ರಕ್ತಕಣ ವರ್ಷಗಳ ನಂತರವೂ ಇಳಿಯಬಹುದು. ಮಾತ್ರೆ ಇರುವಷ್ಟು ದಿನ ಪರೀಕ್ಷೆಯೂ ಇರುತ್ತದೆ.

ಇನ್ನೊಂದು ಅಪಾಯ ಬೇರೆ ವೈದ್ಯರ ಚೀಟಿಯಿಂದ ಬರುತ್ತದೆ. ಯೂರಿಕ್ ಆಸಿಡ್ ಜಾಸ್ತಿ ಅಂತ ಅಲೊಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಬರೆದರೆ, ಅದನ್ನು ನುಂಗುವ ಮುಂಚೆ ಗ್ಯಾಸ್ಟ್ರೋ ಡಾಕ್ಟರಿಗೆ ಫೋನ್ ಮಾಡಿ. ಅಜಥಯೋಪ್ರಿನ್ ದೇಹದಲ್ಲಿ ಒಡೆದು ಹೋಗುವ ದಾರಿಯನ್ನೇ ಇವು ಮುಚ್ಚುತ್ತವೆ. ಮಾಮೂಲಿ ಡೋಸಿನಲ್ಲಿ ಎರಡೂ ಒಟ್ಟಾದರೆ ಮಜ್ಜೆ ಕುಸಿಯುತ್ತದೆ. ಸೋಂಕಿಗೆ ಕೊಡುವ ಕೋಟ್ರೈಮೋಕ್ಸಜೋಲ್ ಕೂಡ ರಕ್ತಕಣವನ್ನು ಇನ್ನಷ್ಟು ಇಳಿಸಬಹುದು. ಊರಿನ ಕ್ಲಿನಿಕ್ಕಿಗೆ ನೆಗಡಿಗೆ ಹೋದರೂ ಮೊದಲು "ನಾನು ಅಜಥಯೋಪ್ರಿನ್ ತಗೋತೀನಿ" ಅಂತ ಹೇಳಿ.

ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಜೀವಕ್ಕೇ ಅಪಾಯ. ನಮ್ಮಲ್ಲಿ ಇನ್ನೊಂದು ಬಲೆ ಇದೆ: ಫೋಲಿಟ್ರಾಕ್ಸ್ ಅನ್ನುವುದು ಮೆಥೋಟ್ರೆಕ್ಸೇಟಿನ ಬ್ರ್ಯಾಂಡ್, ಫೋಲ್ವೈಟ್ ಅನ್ನುವುದು ಅದರ ಜೊತೆ ಕೊಡುವ ಫೋಲಿಕ್ ಆಸಿಡ್. ಹೆಸರು ಹತ್ತಿರ ಹತ್ತಿರ. ಎರಡನ್ನೂ ಬೇರೆ ಡಬ್ಬಿಯಲ್ಲಿಡಿ, ಫೋಲಿಟ್ರಾಕ್ಸ್ ಡಬ್ಬಿಯ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿರಿ. ಸಿಬಿಸಿ, ಎಲ್‌ಎಫ್‌ಟಿ, ಕ್ರಿಯಾಟಿನಿನ್ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ರಕ್ತವನ್ನು ಮುಂದಿನ ಡೋಸಿನ ಹಿಂದಿನ ದಿನ ಕೊಡಿ. ಡೋಸ್ ಆದ ಮಾರನೇ ದಿನ ಕೊಟ್ಟರೆ ಎಸ್‌ಜಿಪಿಟಿ ತಾತ್ಕಾಲಿಕವಾಗಿ ಏರಿರುತ್ತದೆ, ಸುಮ್ನೆ ಗಾಬರಿ. ಗರ್ಭಿಣಿಯರಿಗೆ, ಮಗುವಿನ ಯೋಚನೆ ಇರುವವರಿಗೆ ಈ ಔಷಧಿ ಕೂಡದು.

ಟೋಫಾಸಿಟಿನಿಬ್. ಸಿಬಿಸಿ, ಎಲ್‌ಎಫ್‌ಟಿ ಜೊತೆಗೆ ಕೊಲೆಸ್ಟ್ರಾಲ್ ಪರೀಕ್ಷೆಯೂ ಬೇಕು. ಶುರುವಿನಲ್ಲಿ, ನಾಲ್ಕರಿಂದ ಎಂಟು ವಾರದಲ್ಲಿ, ಆಮೇಲೆ ರಕ್ತಕಣಗಳನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ.

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್. ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ 0, 2, 6ನೇ ವಾರ, ನಂತರ ಎಂಟು ವಾರಕ್ಕೊಮ್ಮೆ. ಪ್ರತಿ ಡ್ರಿಪ್‌ಗೆ ಮುಂಚೆ ಸಿಬಿಸಿ, ಎಲ್‌ಎಫ್‌ಟಿ, ಸಿಆರ್‌ಪಿ ಮಾಡಿಸುವ ಅಭ್ಯಾಸ ಒಳ್ಳೆಯದು, ತಾರೀಖು ಮರೆಯುವುದಿಲ್ಲ.

ತಾರೀಖು ಹಾಕುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಆಯುಧಪೂಜೆ, ವಿಜಯದಶಮಿ ಎರಡು ದಿನ ಮೈಸೂರಿನಲ್ಲಿ ಓಪಿಡಿ ರಜೆ, ರಸ್ತೆಯೂ ಕಿಕ್ಕಿರಿದಿರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆಯವರು ಪರೀಕ್ಷೆ ಮುಂದಕ್ಕೆ ಹಾಕುವುದೂ ಇದೆ. ಮುಂದಕ್ಕೆ ಹಾಕುವ ಬದಲು ಎರಡು ದಿನ ಮುಂಚೆಯೇ ಮುಗಿಸಿಬಿಡಿ.

ಹಂತ 4: ರಕ್ತ ಕೊಡುವ ದಿನ

ಸಿಬಿಸಿ, ಎಲ್‌ಎಫ್‌ಟಿ, ಕ್ರಿಯಾಟಿನಿನ್, ಸಿಆರ್‌ಪಿಗೆ ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿಂದು, ಮಾತ್ರೆ ನುಂಗಿ ಹೋಗಬಹುದು. ಉಪವಾಸದ ಸಕ್ಕರೆ, ಕೊಲೆಸ್ಟ್ರಾಲ್ ಇದ್ದರೆ ಮಾತ್ರ ಲ್ಯಾಬ್ ಹೇಳಿದಂತೆ ಹಸಿದು ಹೋಗಿ. ಭೇದಿ ಜಾಸ್ತಿ ಇರುವವರು ನೀರು ಕುಡಿಯದೆ ಹೋಗಬೇಡಿ. ದೇಹ ಒಣಗಿದ್ದರೆ ಕ್ರಿಯಾಟಿನಿನ್ ಏರಿ ಕಾಣುತ್ತದೆ.

ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ. ಜಾಸ್ತಿ ಡೋಸಿನ ಬಯೋಟಿನ್ ಥೈರಾಯ್ಡ್, ಫೆರಿಟಿನ್, ಬಿ12ನಂತಹ ಕೆಲವು ಪರೀಕ್ಷೆಗಳ ಅಂಕಿಯನ್ನೇ ತಪ್ಪಿಸುತ್ತದೆ. ಕೆಲವು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ.

ಮನೆಗೆ ಬಂದು ರಕ್ತ ತಗೊಂಡು ಹೋಗುವ ಹುಡುಗರು ಏಪ್ರಿಲ್ ಬಿಸಿಲಿನಲ್ಲಿ ಸ್ಯಾಂಪಲ್ಲನ್ನು ಬೈಕಿನ ಬ್ಯಾಗಿನಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡು ತಿರುಗಿದರೆ ರಕ್ತಕಣ ಒಡೆಯುತ್ತದೆ. ಆಗ ಪೊಟ್ಯಾಶಿಯಂ, ಎಸ್‌ಜಿಒಟಿ (ಎಲ್‌ಎಫ್‌ಟಿಯ ಒಂದು ಅಂಕಿ) ಸುಳ್ಳಾಗಿ ಏರುತ್ತವೆ. ರಿಪೋರ್ಟಿನ ಕೆಳಗೆ "ಹೀಮೊಲೈಸ್ಡ್" ಅಂತ ಬರೆದಿದ್ದರೆ ಆ ಅಂಕಿ ನಂಬದೆ ಮತ್ತೆ ಕೊಡಿ. ಲ್ಯಾಬಿಗೇ ಹೋಗಿ ಕೊಡುವುದು ಮೇಲು.

ರಕ್ತ ಕೊಟ್ಟು ಬಂದು ರಿಪೋರ್ಟ್ ತರದೆ ಇರುವವರೂ ಇದ್ದಾರೆ. ಅವತ್ತೇ ಸಂಜೆ ಅಥವಾ ಮಾರನೇ ದಿನ ನೋಡಬೇಕು. ಮುಂದಿನ ಓಪಿಡಿವರೆಗೆ ಕವರಿನಲ್ಲೇ ಇಟ್ಟರೆ ಕೊಟ್ಟ ರಕ್ತ ವ್ಯರ್ಥ.

ಹಂತ 5: ಮೊದಲ ಪ್ರಶ್ನೆ, ತೊಂದರೆ ಆಗುತ್ತಿದೆಯೇ

ಮೊದಲು ಬಿಳಿ ರಕ್ತಕಣ. ಒಟ್ಟು ಸಂಖ್ಯೆ ಸಾಮಾನ್ಯವಾಗಿ 4,000ದಿಂದ 11,000. ನ್ಯೂಟ್ರೊಫಿಲ್ ಹೆಚ್ಚಾಗಿ ಶೇಕಡಾವಾರು ಇರುತ್ತದೆ, ಅದನ್ನು ಸಂಖ್ಯೆಗೆ ತಿರುಗಿಸಬೇಕು. ಒಟ್ಟು 3,200, ನ್ಯೂಟ್ರೊಫಿಲ್ ಶೇ. 42 ಅಂದುಕೊಳ್ಳಿ. 3,200ರಲ್ಲಿ ಶೇ. 42 ಅಂದರೆ 1,344. ಶೇ. 42 ಅನ್ನುವುದು ನಾರ್ಮಲ್ ಅನ್ನಿಸುತ್ತದೆ, ಆದರೆ 1,344 ಕಡಿಮೆ. ಸೋಂಕಿನ ವಿರುದ್ಧ ನಿಲ್ಲುವುದು ಈ ಕೊನೆಯ ಸಂಖ್ಯೆ.

ಒಟ್ಟು 3,500ಕ್ಕಿಂತ ಅಥವಾ ನ್ಯೂಟ್ರೊಫಿಲ್ 1,500ಕ್ಕಿಂತ ಕೆಳಗೆ ಬಂದರೆ ಅವತ್ತೇ ವೈದ್ಯರಿಗೆ ತಿಳಿಸಿ. ಒಟ್ಟು 3,000ಕ್ಕಿಂತ ಅಥವಾ ನ್ಯೂಟ್ರೊಫಿಲ್ 1,000ಕ್ಕಿಂತ ಕೆಳಗಿದ್ದರೆ ಅಜಥಯೋಪ್ರಿನ್, ಮೆಥೋಟ್ರೆಕ್ಸೇಟ್‌ನ ಮುಂದಿನ ಡೋಸ್ ತಗೊಳ್ಳುವ ಮುಂಚೆ ಅವರ ಜೊತೆ ಮಾತಾಡಲೇಬೇಕು.

ರಿಪೋರ್ಟಿನಲ್ಲಿ ಕೆಂಪು ಗುರುತು ಇಲ್ಲ ಅಂದರೆ ಎಲ್ಲ ಸರಿ ಅಂತ ತಿಳಿಯುವುದೇ ಅತಿ ಸಾಮಾನ್ಯ ತಪ್ಪು. ಒಟ್ಟು ಬಿಳಿ ರಕ್ತಕಣ ಶುರುವಿನಲ್ಲಿ 8,200, ಎರಡನೇ ವಾರ 6,100, ನಾಲ್ಕನೇ ವಾರ 4,300. ಮೂರೂ "ನಾರ್ಮಲ್", ಒಂದರ ಮೇಲೂ ಗುರುತಿಲ್ಲ. ಆದರೆ ನಾಲ್ಕು ವಾರದಲ್ಲಿ ಅರ್ಧಕ್ಕೆ ಬಂದಿದೆ ಅಲ್ವಾ? ಕೆಆರ್‌ಎಸ್ ಕಟ್ಟೆ ತುಂಬಿದರೆ 124.80 ಅಡಿ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. 110 ಅಡಿ ಅಂದಾಗ ನಾವು ಕೇಳುವುದು ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ. ರಿಪೋರ್ಟನ್ನೂ ಹಾಗೇ ಓದಿ. ಹಂತ 1ರ ಹಾಳೆ ಬೇಕಾಗುವುದು ಇದಕ್ಕೇ. ಇಂಥ ಇಳಿಜಾರು ಕಂಡರೆ ಮುಂದಿನ ಸಿಬಿಸಿಯನ್ನು ತಿಂಗಳವರೆಗೆ ಬಿಡಬೇಡಿ, ವೈದ್ಯರನ್ನು ಕೇಳಿ ವಾರದೊಳಗೆ ಮಾಡಿಸಿ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ ಬರುತ್ತದೆ. ಡೆಂಗ್ಯೂ ಬಂದರೂ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. "ಡೆಂಗ್ಯೂ ಇರಬೇಕು" ಅಂತ ಅಜಥಯೋಪ್ರಿನ್ ಮುಂದುವರಿಸುವುದೂ ತಪ್ಪು, "ಮಾತ್ರೆಯದ್ದೇ ಇರಬೇಕು" ಅಂತ ಡೆಂಗ್ಯೂ ಪರೀಕ್ಷೆ ಬಿಡುವುದೂ ತಪ್ಪು. ಜ್ವರದ ಜೊತೆ ಕಣ ಇಳಿದಿದ್ದರೆ ಎರಡನ್ನೂ ನೋಡಬೇಕು.

ಗುರುತು ಬಿದ್ದರೂ ಗಾಬರಿ ಬೇಡದವೂ ಇವೆ. ಸ್ಟೆರಾಯ್ಡ್ ನಡೆಯುವಾಗ ಬಿಳಿ ರಕ್ತಕಣ 11,000 ದಾಟುವುದು ಸಾಮಾನ್ಯ. ಜ್ವರವಿಲ್ಲ, ಬೇರೆ ತೊಂದರೆಯಿಲ್ಲ ಅಂದರೆ ಅದನ್ನು ಸೋಂಕು ಅಂತ ಹಿಡಿದು ಆಂಟಿಬಯೋಟಿಕ್ ನುಂಗಬೇಡಿ. ಅಜಥಯೋಪ್ರಿನ್‌ನಿಂದ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ನಿಧಾನವಾಗಿ ಏರುತ್ತದೆ. ಮಾತ್ರೆ ದೇಹದಲ್ಲಿ ಕೆಲಸ ಮಾಡುತ್ತಿರುವುದರ ಗುರುತು ಅದು. ಬಿ12 ಕೊರತೆಯಲ್ಲೂ ಹೀಗೇ ಏರುವುದರಿಂದ ಒಮ್ಮೆ ಬಿ12 ನೋಡಿಕೊಂಡರೆ ಸಾಕು.

ಇನ್ನು ಲಿವರ್. ಎಸ್‌ಜಿಪಿಟಿ ಲ್ಯಾಬಿನ ಮೇಲಿನ ಮಿತಿಯ ಎರಡು ಪಟ್ಟು ದಾಟಿದರೆ ತಿಳಿಸಿ. ಬಿಲಿರುಬಿನ್ (ಕಾಮಾಲೆಯ ಅಂಕಿ) ಕೂಡ ಜೊತೆಗೆ ಏರಿದ್ದರೆ ತಡ ಮಾಡಬೇಡಿ. ಕಣ್ಣು ಹಳದಿಯಾದ ಕೂಡಲೇ ಕಾಮಾಲೆಗೆ ನಾಟಿ ಔಷಧಿ ಹುಡುಕಿಕೊಂಡು ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ದಯವಿಟ್ಟು ಬೇಡ. ಕಾರಣ ನೀವು ನುಂಗುತ್ತಿರುವ ಮಾತ್ರೆಯೇ ಆಗಿದ್ದರೆ, ಅದನ್ನು ನಿಲ್ಲಿಸದೆ ಇನ್ನೊಂದು ಔಷಧಿ ಸೇರಿಸಿದಂತಾಗುತ್ತದೆ. ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟ ಪ್ರಕರಣಗಳನ್ನು ಭಾರತದ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಕಷಾಯ, ಪುಡಿ, ಲೇಹ್ಯ ಏನೇ ತಗೊಂಡರೂ ಹಾಳೆಯ ಕೊನೆಯ ಕಾಲಂನಲ್ಲಿ ಬರೆಯಿರಿ, ವೈದ್ಯರು ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಕ್ರಿಯಾಟಿನಿನ್‌ನಲ್ಲೂ ನಿಮ್ಮದೇ ಹಳೆಯ ಅಂಕಿ ಮುಖ್ಯ. 0.7 ಇದ್ದದ್ದು 1.1 ಆದರೆ ಲ್ಯಾಬ್ ಗುರುತು ಹಾಕದೇ ಇರಬಹುದು. ನೀವು ಕೇಳಿ.

ಹಂತ 6: ಎರಡನೇ ಪ್ರಶ್ನೆ, ಕೆಲಸ ಮಾಡುತ್ತಿದೆಯೇ

ಇಲ್ಲಿ ಮುಖ್ಯವಾದದ್ದು ಸಿಆರ್‌ಪಿ. ಮೊದಲು ಅದರ ಘಟಕ ನೋಡಿ. ಕೆಲವು ಲ್ಯಾಬ್ ಒಂದು ಲೀಟರಿಗೆ ಎಷ್ಟು ಮಿ.ಗ್ರಾಂ ಅಂತ ಕೊಡುತ್ತವೆ, ಕೆಲವು ಒಂದು ಡೆಸಿಲೀಟರಿಗೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿಗೆ 1.8 ಅಂದರೆ ಲೀಟರಿಗೆ 18. ಒಂದು ಲ್ಯಾಬಿನಲ್ಲಿ 18, ಇನ್ನೊಂದರಲ್ಲಿ 1.8 ನೋಡಿ ಕಾಯಿಲೆ ಇಳಿಯಿತು ಅಂತ ಸಂತೋಷಪಟ್ಟರೆ ಅದು ಸುಳ್ಳು ಸಂತೋಷ. ನಿಮ್ಮ ಹಾಳೆಯಲ್ಲಿ ಎಲ್ಲವನ್ನೂ ಲೀಟರಿನ ಲೆಕ್ಕಕ್ಕೇ ತಿರುಗಿಸಿ ಬರೆಯಿರಿ. ಹೆಚ್ಚಿನ ಲ್ಯಾಬುಗಳಲ್ಲಿ ಲೀಟರಿಗೆ 5ರ ಒಳಗಿದ್ದರೆ ನಾರ್ಮಲ್.

ಸಿಆರ್‌ಪಿ ಬೇಗ ಏರಿ ಬೇಗ ಇಳಿಯುತ್ತದೆ, ಉರಿಯೂತದ ಇನ್ನೊಂದು ಪರೀಕ್ಷೆಯಾದ ಇಎಸ್‌ಆರ್ ನಿಧಾನ. ಆದ್ದರಿಂದ ಔಷಧಿ ಹಿಡಿಯಿತೇ ಅಂತ ನೋಡಲು ಸಿಆರ್‌ಪಿ ಮೇಲು. ಆದರೆ ಅದು ಕರುಳಿನದ್ದೇ ಉರಿಯೂತ ಅಂತ ಹೇಳುವುದಿಲ್ಲ. ಹಲ್ಲಿನ ಕೀವು, ಗಂಟಲು ನೋವು, ವೈರಲ್ ಜ್ವರ ಎಲ್ಲವೂ ಅದನ್ನು ಏರಿಸುತ್ತವೆ. ನೆಗಡಿಯಾಗಿದ್ದ ವಾರ ಕೊಟ್ಟಿದ್ದರೆ ಪಕ್ಕದಲ್ಲಿ ಬರೆದಿಡಿ.

ಕೆಲವರಿಗೆ ಕಾಯಿಲೆ ಜೋರಾಗಿದ್ದರೂ ಸಿಆರ್‌ಪಿ ಏರುವುದೇ ಇಲ್ಲ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಇದು ಜಾಸ್ತಿ. ನಿಮಗೆ ಕಾಯಿಲೆ ಕೆರಳಿ ದಿನಕ್ಕೆ ಎಂಟು ಸಲ ಹೋಗುತ್ತಿದ್ದಾಗ ಸಿಆರ್‌ಪಿ ಎಷ್ಟಿತ್ತು? ಹಳೆಯ ಫೈಲಿನಲ್ಲಿ ಹುಡುಕಿ. ಆಗಲೂ 4 ಇದ್ದಿದ್ದರೆ, ಈಗಿನ 4ರಿಂದ ಏನೂ ತಿಳಿಯುವುದಿಲ್ಲ. ಅಂಥವರಿಗೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬೇಕು. ಅದು ರಕ್ತ ಪರೀಕ್ಷೆಯಲ್ಲ, ಆದರೆ ಕರುಳಿನ ಉರಿಯೂತಕ್ಕೆ ಹೆಚ್ಚು ಹತ್ತಿರ. ತೊಂದರೆ ಏನೂ ಇಲ್ಲದೆ ಆ ಅಂಕಿ 150ಕ್ಕಿಂತ ಕೆಳಗಿದ್ದರೆ ಕಾಯಿಲೆ ಹತೋಟಿಯಲ್ಲಿದೆ ಅನ್ನಬಹುದು.

ಅಲ್ಬುಮಿನ್, ಹಿಮೋಗ್ಲೋಬಿನ್ ನಿಧಾನವಾಗಿ ಮೇಲೆ ಬರುವುದು ಒಳ್ಳೆಯ ಸೂಚನೆ. ಹಿಮೋಗ್ಲೋಬಿನ್ ಏರದಿದ್ದರೆ ಫೆರಿಟಿನ್ ನೋಡಿ. ಉರಿಯೂತ ಇಲ್ಲದಾಗ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಕೊರತೆ. ಉರಿಯೂತ ಇದ್ದಾಗ ಫೆರಿಟಿನ್ ತಾನೇ ಏರುವುದರಿಂದ 100ರವರೆಗೂ ಕೊರತೆ ಇರಬಹುದು. ರಿಪೋರ್ಟಿನಲ್ಲಿ 60 ಅಂತ ಇದ್ದು ನಾರ್ಮಲ್ ಅಂದಿದ್ದರೂ, ಸಿಆರ್‌ಪಿ 25 ಇದ್ದರೆ ವೈದ್ಯರನ್ನು ಕೇಳಿ. ಕರುಳು ಉರಿಯುತ್ತಿರುವಾಗ ರಾಗಿ, ಸೊಪ್ಪು ಎಷ್ಟು ತಿಂದರೂ ಈ ಕೊರತೆ ತುಂಬುವುದಿಲ್ಲ. ಹಲವರಿಗೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬೇಕಾಗುತ್ತದೆ.

ಹಂತ 7: ಔಷಧಿಯ ಮಟ್ಟ ಅಳೆಯುವ ಪರೀಕ್ಷೆ

ಎಲ್ಲರಿಗೂ ಇದು ಬೇಕಿಲ್ಲ, ದುಬಾರಿ ಕೂಡ. ಇನ್‌ಫ್ಲಿಕ್ಸಿಮ್ಯಾಬ್ ಮೊದಲು ಚೆನ್ನಾಗಿ ಹಿಡಿದು, ಈಗ ಮುಂದಿನ ಡ್ರಿಪ್ ಬರುವ ಮುಂಚೆಯೇ ಭೇದಿ ಮರಳುತ್ತಿದೆ ಅಂದರೆ ಇದು ಕೆಲಸಕ್ಕೆ ಬರುತ್ತದೆ.

ರಕ್ತ ಕೊಡುವ ಹೊತ್ತು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮುಂದಿನ ಡೋಸ್ ಕೊಡುವ ಸ್ವಲ್ಪ ಮುಂಚೆ, ಮಟ್ಟ ಅತಿ ಕಡಿಮೆ ಇರುವಾಗ ತೆಗೆಯಬೇಕು. ಡ್ರಿಪ್ ಏರಿಸಿದ ಮೇಲೆ ತೆಗೆದರೆ ದುಡ್ಡು ದಂಡ. ಡ್ರಿಪ್ ದಿನ ನರ್ಸ್‌ಗೆ ಮೊದಲೇ ನೆನಪಿಸಿ: "ಸಿಸ್ಟರ್, ಲೆವೆಲ್‌ಗೆ ರಕ್ತ ತಗೊಂಡು ಆಮೇಲೆ ಡ್ರಿಪ್ ಹಾಕಿ." ಅಡಾಲಿಮುಮ್ಯಾಬ್ ಆದರೆ ಮುಂದಿನ ಇಂಜೆಕ್ಷನ್ನಿನ ಮುಂಚೆ. ಜೊತೆಗೆ ಔಷಧಿಯ ವಿರುದ್ಧದ ಆಂಟಿಬಾಡಿಯನ್ನೂ ಕೇಳಿ.

ಕಾಯಿಲೆ ಮರಳಿದವರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಮಟ್ಟ ಒಂದು ಮಿಲಿಲೀಟರಿಗೆ ಕನಿಷ್ಠ 5 ಮೈಕ್ರೋಗ್ರಾಂ, ಅಡಾಲಿಮುಮ್ಯಾಬ್ 7.5 ಇರಬೇಕು ಅಂತ ನೋಡುತ್ತಾರೆ. ಮಟ್ಟ ಕಡಿಮೆ, ಆಂಟಿಬಾಡಿ ಇಲ್ಲ ಅಂದರೆ ಸಾಮಾನ್ಯವಾಗಿ ಡೋಸ್ ಹೆಚ್ಚಿಸುತ್ತಾರೆ ಅಥವಾ ಅಂತರ ಕಡಿಮೆ ಮಾಡುತ್ತಾರೆ. ಮಟ್ಟ ಕಡಿಮೆ, ಆಂಟಿಬಾಡಿ ಜೋರಾಗಿದೆ ಅಂದರೆ ದೇಹವೇ ಔಷಧಿಯನ್ನು ತಳ್ಳುತ್ತಿದೆ, ಬೇರೆ ಔಷಧಿ ನೋಡುತ್ತಾರೆ. ಮಟ್ಟ ಚೆನ್ನಾಗಿದ್ದೂ ಉರಿಯೂತ ಇದ್ದರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಿ ಬೇಕಾಗುತ್ತದೆ.

ಅಜಥಯೋಪ್ರಿನ್‌ಗೂ ಇಂಥ ಪರೀಕ್ಷೆ ಇದೆ, 6-ಟಿಜಿಎನ್ ಮತ್ತು 6-ಎಂಎಂಪಿ (ಆ ಮಾತ್ರೆಯಿಂದ ದೇಹದಲ್ಲಿ ತಯಾರಾಗುವ ವಸ್ತುಗಳು). ಒಂದೇ ಡೋಸ್ ಕನಿಷ್ಠ ನಾಲ್ಕು ವಾರ ನಡೆದ ಮೇಲೆ ಮಾಡಿಸಿ. ಎರಡೂ ತೀರಾ ಕಡಿಮೆ ಬಂದರೆ ವೈದ್ಯರು ಮೊದಲು ಕೇಳುವುದು "ಮಾತ್ರೆ ದಿನಾ ತಗೋತಿದೀರಾ?" ಅಂತ. ನಿಜ ಹೇಳಿ. ಬಿಟ್ಟ ಮಾತ್ರೆ ಮುಚ್ಚಿಟ್ಟರೆ ಇಲ್ಲದ ಕಾರಣಕ್ಕೆ ಡೋಸ್ ಏರುತ್ತದೆ.

ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ "ಡಾಕ್ಟ್ರೇ, ಇದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?" ಅಂತ ಕೇಳಿ. ಉತ್ತರ ಇದ್ದರೆ ಮಾಡಿಸಿ.

ಹಂತ 8: ತಾರೀಖಿಗೆ ಕಾಯಬಾರದ ಲಕ್ಷಣಗಳು

ಅಜಥಯೋಪ್ರಿನ್ ಅಥವಾ ಮೆಥೋಟ್ರೆಕ್ಸೇಟ್ ನಡೆಯುವಾಗ ಜ್ವರ 100.4 ಡಿಗ್ರಿ ದಾಟಿದರೆ, ಬಾಯಿ ತುಂಬ ಹುಣ್ಣಾದರೆ, ಗಂಟಲು ಜೋರಾಗಿ ನೋಯುತ್ತಿದ್ದರೆ, ಸುಮ್ಮಸುಮ್ಮನೆ ಮೈಮೇಲೆ ನೀಲಿ ಕಲೆ ಬಿದ್ದರೆ ಅವತ್ತೇ ಸಿಬಿಸಿ. ಅಜಥಯೋಪ್ರಿನ್‌ನ ಮೊದಲ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿದರೆ ಎಣ್ಣೆ ಬದಲಿಸುತ್ತಾ ಕೂರಬೇಡಿ. ನುಡ್ಟ್15 ಕೊರತೆಯ ಸೂಚನೆ ಅದು, ಬಿಳಿ ರಕ್ತಕಣ ಕುಸಿಯುತ್ತಿರಬಹುದು.

ಅದೇ ಮೊದಲ ವಾರಗಳಲ್ಲಿ ಮೇಲು ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೆ ಹೊಡೆದು ವಾಂತಿಯಾದರೆ ಅದು ಗ್ಯಾಸ್ಟ್ರಿಕ್ ಅಂತ ಅಂದುಕೊಳ್ಳಬೇಡಿ. ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು, ಲೈಪೇಸ್ ಪರೀಕ್ಷೆ ಬೇಕು. ಹೌದು ಅಂತಾದರೆ ಆ ಮಾತ್ರೆಯನ್ನು ಮುಂದೆ ಎಂದೂ ತಗೊಳ್ಳುವಂತಿಲ್ಲ. ಆ ಮಾತನ್ನು ಫೈಲಿನ ಮೊದಲ ಪುಟದಲ್ಲಿ ಬರೆಯಿರಿ.

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಟೋಫಾಸಿಟಿನಿಬ್ ತಗೊಳ್ಳುವವರಿಗೆ ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಟಿಬಿ ನೋಡಬೇಕು. ಶುರುವಿನ ಪರೀಕ್ಷೆ ನೆಗೆಟಿವ್ ಇದ್ದರೂ ಸರಿ.

ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತ ಭೇದಿ, ಜೊತೆಗೆ ಜ್ವರ, ನಾಡಿ 90ಕ್ಕಿಂತ ಜಾಸ್ತಿ ಅಥವಾ ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ ಇದ್ದರೆ ಲ್ಯಾಬಿಗಲ್ಲ, ಆಸ್ಪತ್ರೆಗೆ ಹೋಗಿ ದಾಖಲಾಗಬೇಕು.

ರಾತ್ರಿ ಹೊತ್ತು ನಿಮ್ಮ ವೈದ್ಯರು ಸಿಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಅಥವಾ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ ಇದೆ. ನಿಮ್ಮ ಹಾಳೆ, ಔಷಧಿಯ ಪಟ್ಟಿ ಜೊತೆಗಿರಲಿ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಮೊದಲ ಮಾತಿನಲ್ಲೇ ಔಷಧಿಯ ಹೆಸರು ಹೇಳಿ, ಸಿಬಿಸಿ ಕೇಳಿ. ಜ್ವರ ಇರುವ ಆ ರಾತ್ರಿ ಅಜಥಯೋಪ್ರಿನ್ ಅಥವಾ ಮೆಥೋಟ್ರೆಕ್ಸೇಟ್ ತಗೊಳ್ಳದೆ, ರಿಪೋರ್ಟ್ ಬಂದು ವೈದ್ಯರು ಹೇಳುವವರೆಗೆ ತಡೆಯಿರಿ. ಪ್ರೆಡ್ನಿಸೊಲೋನ್ ಮಾತ್ರ ಹಾಗೆ ನಿಲ್ಲಿಸುವಂತಿಲ್ಲ. ಕೆಲವು ವಾರ ತಗೊಂಡ ಸ್ಟೆರಾಯ್ಡನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೆ ಕುತ್ತಾಗಬಹುದು. ವಾಂತಿಯಾಗಿ ಅದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ, ಇಂಜೆಕ್ಷನ್ ಮೂಲಕ ಕೊಡುತ್ತಾರೆ.